ನೀಲಿ ನಿಲುವಂಗಿಯ ಅಂಚು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಅಜ್ಜಿ ಕುಳ್ಳಗಾಗುತ್ತಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತು ನನ್ನ ತೊಡೆ ಚಿವುಟುತ್ತಾಳೆ. ಅದಕ್ಕೇ ನೀನು ಕೇಳಿದಾಗಲೆಲ್ಲ "ಚೆನ್ನಾಗಿದ್ದಾಳೆ" ಎಂದೆ. ಕಾಗದ ತಡವಾಯಿತೆಂದು ಬೈಯಬೇಡ. ಶಾಲೆ ಬಿಟ್ಟವನಿಗೆ ಸೂಜಿಗಿಂತ ಪೆನ್ನೇ ಹೆಚ್ಚು ಚುಚ್ಚುತ್ತದೆ.

ನಾನು ದರ್ಜಿಯಂಗಡಿ ಸೇರಿದ ಮೇಲೆ (ಹೌದು, ಈ ಕೆಲಸ ಇನ್ನೂ ಬಿಟ್ಟಿಲ್ಲ) ಅವಳ ಬಟ್ಟೆ ನೆಲ ಗುಡಿಸುತ್ತಿರುವುದು ಕಣ್ಣಿಗೆ ಬಿತ್ತು. "ಒಗೆದೂ ಒಗೆದೂ ಜಗ್ಗಿದೆ ಕಣೋ" ಎಂದಳು. ನಾನು ಹೂಂಗುಟ್ಟಿ, ಎಲ್ಲವನ್ನೂ ಅಂಗಡಿಗೆ ಒಯ್ದು ಅಂಚು ಮಡಿಸಿ ಹೊಲಿದು ತಂದೆ. ಸ್ವಲ್ಪ ಕಾಲವಾದ ಮೇಲೆ ಮತ್ತೆ ಮಡಿಸಿದೆ. ಅವಳಿಗೂ ಗೊತ್ತಿತ್ತು ಅನಿಸುತ್ತದೆ. ಇಬ್ಬರೂ ಬಟ್ಟೆಯನ್ನೇ ಬೈದೆವು.

ಹೋದ ತಿಂಗಳು ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಗಾಬರಿಯಾಗಬೇಡ, ಕೂಡಿಕೊಳ್ಳುತ್ತಿದೆ. ಡಾಕ್ಟರಮ್ಮ ಬೆನ್ನಿನ ಎಕ್ಸರೇಯನ್ನೂ ತೆಗೆಸಿದರು. ಬೆನ್ನುಮೂಳೆ ಅಲ್ಲಲ್ಲಿ ಸದ್ದಿಲ್ಲದೆ ಕುಸಿದಿದೆಯಂತೆ. "ಮೂಳೆ ಕಲ್ಲಲ್ಲಪ್ಪ. ಹಳೇದನ್ನ ದೇಹವೇ ಕರಗಿಸಿ ಹೊಸದು ಕಟ್ತಾ ಇರುತ್ತೆ. ವಯಸ್ಸಾದ ಮೇಲೆ ಕರಗೋದು ಜಾಸ್ತಿ, ಕಟ್ಟೋದು ಕಮ್ಮಿ" ಎಂದರು. ನನಗೆ ನಮ್ಮಂಗಡಿಯೇ ಕಂಡಿತು: ಹೊಲಿಗೆ ಬಿಚ್ಚುವವನ ಕೈ ಚುರುಕು, ಹೊಲಿಯುವವನಿಗೆ ತೂಕಡಿಕೆ. ಮಾತ್ರೆ ಶುರುವಾಗಿದೆ. ಆದರೆ ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು, ಸೊಂಟ ಜೋಪಾನ ಎಂದಿದ್ದಾರೆ.

ಅಜ್ಜಿ ಅದೊಂದನ್ನೇ ಹಿಡಿದುಕೊಂಡಳು. "ಸೊಂಟ ಹೋದ್ರೆ ಮಂಚಕ್ಕೆ ಅಂಟಿದ ಹಾಗೇ. ಅದಕ್ಕೆ ಮುಂಚೆ ನನ್ನ ಮಗಳ ಪಕ್ಕ ಒಂದ್ಸಲ ನಿಂತ್ಕೋಬೇಕು. ಅವಳಿಗೆಲ್ಲಿ ರಜೆ ಕೊಡ್ತಾರೆ? ನಾವೇ ಹೋಗೋಣ ನಡಿ." ಡಾಕ್ಟರಮ್ಮ "ಹುಷಾರಾಗಿ ಕರ್ಕೊಂಡು ಹೋಗು" ಎಂದರು.

ನೀನು ಕೆಲಸಕ್ಕೆಂದು ಆ ಊರಿಗೆ ಹೋಗುವಾಗ ಅವಳು ನಿನ್ನ ಕಿವಿಯವರೆಗೆ ಬರುತ್ತಿದ್ದಳು. ಈಗ ಭುಜ ಮುಟ್ಟಿದರೆ ಹೆಚ್ಚು. ತಬ್ಬಿಕೊಳ್ಳುವಾಗ ಬಗ್ಗು, ಆದರೆ ಬಗ್ಗಿದ್ದು ಅವಳಿಗೆ ಗೊತ್ತಾಗಬಾರದು. ನಾನು ನಿನಗಿಂತ ಎತ್ತರವಾಗಿದ್ದೇನೋ ಏನೋ. ಅದನ್ನೂ ನೋಡಬೇಕು.

ಈ ಕಾಗದವನ್ನು ಇವತ್ತೇ ನಿನ್ನೂರಿಗೆ ಹೊರಡುವ ಲಾರಿ ಮಾಮನ ಕೈಗೆ ಕೊಡುತ್ತೇನೆ, ನಮಗಿಂತ ಮೊದಲು ತಲುಪಲಿ. ಅಜ್ಜಿಯ ಆಶೀರ್ವಾದ ಇದ್ದೇ ಇದೆ.

ನಿನ್ನ ಮಗ

ತಾ.ಕ.: ಅವಳು ಬಿದ್ದದ್ದು ನೀನು ಕಳಿಸಿದ ನೀಲಿ ನಿಲುವಂಗಿಯ ಅಂಚು ಕಾಲಿಗೆ ಸಿಕ್ಕಿ. ನೆನಪಿನ ಅಳತೆಗೆ ಹೊಲಿಸಿದ್ದೆಯಲ್ಲ, ಅದೇ. ನಾನು ನಿಜ ಹೇಳಿದ್ದರೆ ನೀನು ಗಿಡ್ಡ ಹೊಲಿಸುತ್ತಿದ್ದೆ. ಅದೊಂದನ್ನು ಮಾತ್ರ ಅವಳು ಈಗಲೂ ಮುಟ್ಟಗೊಡುವುದಿಲ್ಲ. "ನನ್ನ ಮಗಳ ಕಣ್ಣಳತೆ ತಪ್ಪಲ್ಲ. ಕತ್ತರಿ ಇಟ್ರೆ ಕೈ ಮುರೀತೀನಿ." "ಇರೋದೊಂದು ಕೈಯಲ್ಲಿ ಹೇಗೆ ಮುರೀತೀಯಜ್ಜಿ?" ಎಂದರೂ ನಗಲಿಲ್ಲ. ದಾರಿಗೂ ಅದನ್ನೇ ತೊಡುತ್ತಾಳಂತೆ. ಅಂಚನ್ನು ನಾನು ಎತ್ತಿ ಹಿಡಿದುಕೊಳ್ಳುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ.