ಐದು ಮಂದಿಗೆ ಒಂದು ಬಾಟಲಿ

ಭೋಜ, ತಾ. ಚಿಕ್ಕೋಡಿ
ದಿನಾಂಕ ೧೧-೨-೧೯೮೭

ಮಗಳೇ ರಾಮವ್ವಾ,

ನಿನ್ನ ಮಾವ ಮಾಳಸಿದ್ದನ ಕಾಗದ ಬಂತೆಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಹೇಗಿದ್ದೀ, ಮೊದಲು ಅದನ್ನು ತಿಳಿಸು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆಂದು ಮಿರಜಿನ ದವಾಖಾನೆಯಲ್ಲಿ ನಿನ್ನ ಅತ್ತೆಯ ಮುಂದೆ ಹೇಳಿದ್ದೆಯಂತೆ, ಅದು ಕಡಿಮೆಯಾಗಿದೆಯೇ? ಉಗುರು ಇನ್ನೂ ಬೆಳ್ಳಗೇ ಇವೆಯೇ? ಮೊಮ್ಮಗಳು ದ್ರೌಪದಿ ಅಲ್ಲಿ ಹೊಂದಿಕೊಂಡಿದ್ದಾಳೆಯೇ? ಅವಳು ರೊಟ್ಟಿಯ ನಡುವನ್ನಷ್ಟೇ ತಿಂದು ಅಂಚನ್ನು ಬಿಡುತ್ತಾಳೆ, ಬೈಯಬೇಡ. ಅಂಚನ್ನು ತಿನ್ನಲು ಇಲ್ಲಿ ಅಜ್ಜನಿದ್ದ, ಅಲ್ಲಿ ಯಾರಿದ್ದಾರೆ.

ಮಾವ ಸೊಸೆಗೆ ಕಾಗದ ಬರೆಯುವುದು ಎಲ್ಲಾದರೂ ಉಂಟೇ ಎಂದು ನಿನ್ನ ಅತ್ತೆ ಲಗಮವ್ವ ನಗುತ್ತಿದ್ದಾಳೆ. ಆರು ವರ್ಷ ಒಂದೇ ಸೂರಿನ ಕೆಳಗಿದ್ದು ನಾವಿಬ್ಬರೂ ಒಂದು ದಿನವೂ ಎದುರುಬದುರು ನಿಂತು ಮಾತಾಡಿಲ್ಲ. ಪದ್ಧತಿ ಹಾಗಿದೆ. ನಾನು ಒಳಗೆ ಬಂದರೆ ನೀನು ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗುತ್ತಿದ್ದೆ. ನನಗೆ ನೀರು ಬೇಕಾದರೆ ನಾನು ಗೋಡೆಗೆ ಹೇಳುತ್ತಿದ್ದೆ, ಗೋಡೆಯೇ ಹೇಳಿತೆಂಬಂತೆ ನೀನು ತಂಬಿಗೆ ತಂದಿಡುತ್ತಿದ್ದೆ. ಈಗ ಗೋಡೆಯೂ ಇಲ್ಲ, ಅದಕ್ಕೆ ನಾಲ್ಕನೆಯ ಇಯತ್ತೆಯಲ್ಲಿ ಕಲಿತ ಅಕ್ಷರವನ್ನು ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ. ನಿನಗೆ ಓದಲು ಬರುವುದಿಲ್ಲ, ನಿನ್ನ ಅಣ್ಣ ಅಪ್ಪಾಸಾಬನೇ ಓದಿ ಹೇಳಬೇಕು. ಅಪ್ಪಾಸಾಬಾ, ನಿಮ್ಮ ಅವ್ವನನ್ನೂ ನಿನ್ನ ಹೆಂಡತಿಯನ್ನೂ ಕರೆದು ಕೂಡಿಸು. ಗಟ್ಟಿಯಾಗಿ ಓದು. ಏನೇ ಬಂದರೂ ನಡುವೆ ನಿಲ್ಲಿಸಬೇಡ.

ಹೋದ ವಾರ ನಿನ್ನ ಗಂಡ ಸಿದರಾಯ ಕುಡಚಿಯಿಂದ ಬಂದಿದ್ದ. ಈಗ ನಮ್ಮ ಕುರಿಗಳು ಅಲ್ಲೇ ಹೊಳೆದಂಡೆಯ ಹೊಲಗಳಲ್ಲಿವೆ. ಕುಡಚಿ ಸ್ಟೇಶನ್ನಿನ ಹತ್ತಿರ ನಿಮ್ಮ ತೆಲಸಂಗದ ಕಾಳಿನ ವ್ಯಾಪಾರಿ ಪಾರಿಸ ಅವನಿಗೆ ಸಿಕ್ಕು ನಿನ್ನ ಸುದ್ದಿ ಹೇಳಿದನಂತೆ. ಅಪ್ಪಾಸಾಬನ ಹೆಂಡತಿ ಹಡೆದು ಎರಡು ತಿಂಗಳಾದರೂ ಆ ಕೂಸನ್ನು ನಿನ್ನ ಕೈಗೆ ಕೊಡುವುದಿಲ್ಲವಂತೆ. “ಸರ್ಕಾರದವ್ರು ಪುಕ್ಕಟ ಕೊಟ್ಟ ಗುಳಿಗಿ ಚೆಲ್ಲಿ ತನ್ನ ಕೂಸನ್ನ ಕಳಕೊಂಡಾಕಿ, ಮಂದಿ ಕೂಸನ್ನ ಏನ್ ಜ್ವಾಕಿ ಮಾಡ್ತಾಳ” ಎಂದು ನಿನ್ನ ಹಡೆದವ್ವನೇ ಅಂದಳಂತೆ. ನೀನು ಎದ್ದು ಹಿತ್ತಲಿಗೆ ಹೋದೆಯಂತೆ. ಇದನ್ನು ಹೇಳಿ ಊಟಕ್ಕೆ ಕೂತ ಸಿದರಾಯನಿಗೆ ರೊಟ್ಟಿ ಇಳಿಯಲಿಲ್ಲ. ನನಗೂ ಇಳಿಯಲಿಲ್ಲ, ಆದರೆ ಕಾರಣ ಬೇರೆ. ಮಳೆಗಾಲವೆಲ್ಲ ಹಿಂಡಿನ ಜೊತೆ ಅಥಣಿಯ ಕಡೆ ಇದ್ದ ಅವನಿಗೆ ಗೊತ್ತಿರದ ಸಂಗತಿ ನನಗೆ ಗೊತ್ತಿತ್ತು. ನೀನು ಗುಳಿಗೆ ಚೆಲ್ಲಿದವಳಲ್ಲ. ಅವು ಎಲ್ಲಿ ಹೋದವೆಂದು ನಾನು ಹೇಳುತ್ತೇನೆ, ನಿಮ್ಮ ಮನೆಯವರೆಲ್ಲ ಕೇಳಲಿ.

ನಮ್ಮ ಮನೆಯ ಔಷಧದ ಪಾಡು ನಿನಗೆ ಗೊತ್ತೇ ಇದೆ. ನಿನ್ನ ಅತ್ತೆಗೆ ಬೀಪಿ, ನನ್ನ ಅಕ್ಕ ತಾರವ್ವನಿಗೆ ದಮ್ಮು, ನನಗೆ ಮೊಣಕಾಲು, ದ್ರೌಪದಿಗೆ ಏನು ತಿಂದರೂ ಮೈ ಹತ್ತುವುದಿಲ್ಲ, ಹೋದ ಮಳೆಗಾಲದಲ್ಲಿ ನೀನು ಐದು ತಿಂಗಳ ಬಸುರಿ. ನಿಪ್ಪಾಣಿಯ ಡಾಕ್ಟರರು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದುಕೊಟ್ಟರು. ಐದೂ ಚೀಟಿಗಳನ್ನು ಔಷಧದಂಗಡಿಯಲ್ಲಿ ಇಟ್ಟೆ. ಅಂಗಡಿಯವನು ಎಷ್ಟಾಗುತ್ತದೆಂದು ಹೇಳಿದ, ನಾನು ಎರಡು ಚೀಟಿ ಹಿಂದಕ್ಕೆ ತೆಗೆದುಕೊಂಡೆ. ಮತ್ತೆ ಹೇಳಿದ, ಇನ್ನೊಂದನ್ನು ತೆಗೆದುಕೊಂಡೆ. ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಕೊನೆಗೆ ನಿನ್ನ ಟಾನಿಕ್ಕು, ಲಗಮವ್ವನ ಬೀಪಿ ಗುಳಿಗೆ ಎರಡೇ ಉಳಿದವು. ಬೀಪಿ ಗುಳಿಗೆಯನ್ನು ಅಡಕೊತ್ತಿನಲ್ಲಿ ಎರಡು ಹೋಳು ಮಾಡಿ ತಿಂಗಳಿನದನ್ನು ಎರಡು ತಿಂಗಳು ಎಳೆದೆ. ಗುಳಿಗೆಗೆ ಅಡಿಕೆಯ ಚೂರು ಅಂಟಿಕೊಂಡಿದ್ದರೆ “ಇವತ್ತಿಂದು ಭಾಳ ರುಚಿ ಐತಿ, ಒಂದೀಟು ಸುಣ್ಣಾನೂ ಹಚ್ಚಿ ಕೊಡ್ರಿ” ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು. ನೀನು ಒಲೆಯ ಮುಂದೆ ಸೆರಗಿನೊಳಗೇ ನಗುತ್ತಿದ್ದೆ. ಆಗ ನಮಗೆ ಅದು ನಗುವ ವಿಷಯವಾಗಿತ್ತು.

ಕುರಿ ಕಾಯುವವನ ಬುದ್ಧಿ ನನ್ನದು. ಹಿಂಡಿನಲ್ಲಿ ಒಂದು ಕುರಿ ಸೊರಗಿದರೆ ನಾವು ಅದೊಂದಕ್ಕೇ ಔಷಧ ಹಾಕುವುದಿಲ್ಲ. ಬಿದಿರಿನ ಗೊಟ್ಟದಲ್ಲಿ ತುಂಬಿ, ಬಾಯಿ ತೆರೆಸಿ, ಹಿಂಡಿಗೆಲ್ಲ ಕುಡಿಸುತ್ತೇವೆ. ಕುಡಿದದ್ದರ ಬೆನ್ನಿಗೆ ಕೆಮ್ಮಣ್ಣಿನ ಗುರುತು ಹಾಕುತ್ತೇವೆ, ಒಂದೂ ತಪ್ಪಿಹೋಗಬಾರದೆಂದು. ನಮ್ಮಪ್ಪ ಹೀಗೆ ಮಾಡುತ್ತಿದ್ದ, ನಾನು ನಲವತ್ತು ವರ್ಷ ಹೀಗೇ ಮಾಡಿ ಹಿಂಡು ಉಳಿಸಿಕೊಂಡಿದ್ದೇನೆಂಬ ಜಂಬ ನನಗೆ. ಆ ಜಂಬದಲ್ಲೇ ನಿನ್ನ ಟಾನಿಕ್ಕಿನ ಬಾಟಲಿ ಬಿಚ್ಚಿ, ಮನೆಯವರನ್ನು ಸಾಲಾಗಿ ಕೂಡಿಸಿ, ಐವರಿಗೂ ಒಂದೊಂದು ಚಮಚ ಹಾಕಿದೆ. ನಿನ್ನ ಪಾಲಿನದನ್ನು ಲಗಮವ್ವ ಒಳಗೆ ತಂದು ಕೊಡುತ್ತಿದ್ದಳು. ತಿಂಗಳ ಬಾಟಲಿ ಆರು ದಿನಕ್ಕೆ ಮುಗಿಯಿತು. ಖಾಲಿ ಬಾಟಲಿಗೆ ನೀರು ಹಾಕಿ ಕುಲುಕಿ ಅದನ್ನೂ ಐದು ಪಾಲು ಮಾಡಿದೆ. ಯಾರಿಗೂ ಮೋಸವಾಗಲಿಲ್ಲ ಎಂದು ಸಮಾಧಾನದಿಂದ ಮೀಸೆ ಒರೆಸಿಕೊಂಡೆ.

ಆಮೇಲೆ ಸರ್ಕಾರಿ ನರ್ಸಬಾಯಿ ಬಂದು ನಿನಗೆಂದು ಕೆಂಪು ಗುಳಿಗೆ ಕೊಟ್ಟಳು, ನೂರು. ರಕ್ತ ಹೆಚ್ಚುವ ಗುಳಿಗೆ, ದಿನಕ್ಕೊಂದು, ಹೊಟ್ಟೆ ತುಂಬ ಉಂಡು ನುಂಗಬೇಕು ಎಂದು ಕಟ್ಟೆಯ ಮೇಲೆ ಕೂತು ಎರಡು ಸಲ ಹೇಳಿದಳು. ರಕ್ತ ಯಾರಿಗೆ ಬೇಡ? ತಾರವ್ವ ಬಿಳಿಚಿಕೊಂಡಿದ್ದಳು, ದ್ರೌಪದಿ ಬಡಕಲು. ಐವರಿಗೂ ಹಂಚಿದೆ. ದ್ರೌಪದಿಗೆ ಬೆಲ್ಲದಲ್ಲಿ ಚೂರು ಮಾಡಿ ಕೊಟ್ಟೆ. ನೂರು ದಿನದ ಗುಳಿಗೆ ಇಪ್ಪತ್ತು ದಿನಕ್ಕೆ ತೀರಿತು. ನಡುವೆ ತಾರವ್ವ ಬೆಳಿಗ್ಗೆ ಹೊರಗೆ ಹೋಗಿ ಬಂದವಳು “ಮಾಳ್ಯಾ, ನನ್ನ ಹೊಟ್ಟ್ಯಾಗ ಏನೋ ಕರೀದು ಹೊಕ್ಕೈತೋ” ಎಂದು ಅಳುತ್ತ ಕೂತಳು. ಗುಳಿಗೆಯಿಂದ ಮಲ ಕಪ್ಪಗಾಗುತ್ತದೆಂದು ನಮಗೇನು ಗೊತ್ತು. ಅವಳಿಗೆ ನಿಂಬೆಹಣ್ಣು ನಿವಾಳಿಸಿದೆ. ಗುಳಿಗೆ ಮಾತ್ರ ನಿಲ್ಲಿಸಲಿಲ್ಲ.

ನೀನು ಸುಮ್ಮನಿದ್ದೆ ಎಂದು ಯಾರಾದರೂ ಅಂದರೆ ಅದೂ ಸುಳ್ಳು. ಒಂದು ದಿನ ಲಗಮವ್ವನ ಬಾಯಿಂದ ಹೇಳಿ ಕಳಿಸಿದೆ: “ಅದು ನನಗೊಬ್ಬಾಕಿಗೆ ಅಂತ ಹೇಳ್ಯಾರಂತ್ರಿ, ಹೊಟ್ಟ್ಯಾಗಿನ ಕೂಸಿಗೆ ಅಂತ.” ನಾನು ಎಂದಿನಂತೆ ಗೋಡೆಗೇ ಉತ್ತರ ಕೊಟ್ಟೆ: “ನಮ್ಮ ಹಟ್ಟ್ಯಾಗ ಒಬ್ರು ಉಂಡು ನಾಕು ಮಂದಿ ಬಾಯಿ ನೋಡೂ ರೂಢಿ ಇಲ್ಲ.” ನೀನು ಮತ್ತೆ ಹೇಳಲಿಲ್ಲ. ಹೇಗೆ ಹೇಳುತ್ತೀ, ಗೋಡೆಯ ಜೊತೆ ಎಷ್ಟು ವಾದ ಮಾಡಲು ಬರುತ್ತದೆ. ನಿನ್ನದು ಹೊಟ್ಟೆಬಾಕತನ ಎಂದು ನಾನು ಆ ದಿನ ಮನಸ್ಸಿನಲ್ಲಿ ಅಂದುಕೊಂಡೆ ಮಗಳೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಇನ್ನೊಂದು ಮಾತಿದೆ. ಎಲ್ಲರಿಗೂ ಸಮಪಾಲು ಎಂದು ಎದೆ ಉಬ್ಬಿಸಿದ ನಾನು ನನ್ನ ಕಾಳಗದ ಟಗರಿಗೆ ದಿನಕ್ಕೆ ಎರಡು ತತ್ತಿ, ಒಂದು ಹಿಡಿ ಶೇಂಗಾ, ತಂಬಿಗೆ ಹಾಲು ಹಾಕುತ್ತಿದ್ದೆ. ಅದರಲ್ಲಿ ಯಾರಿಗೂ ಪಾಲಿರಲಿಲ್ಲ. ಆ ಟಗರು ಕಣದಲ್ಲಿ ಗೆದ್ದರೆ ಊರಲ್ಲಿ ನನ್ನ ಹೆಸರು. ನೀನು ಬಸುರಿ ಹೊಟ್ಟೆ ಹೊತ್ತುಕೊಂಡು ಆ ಹಾಲನ್ನು ಅದರ ಮುಂದೆ ಇಟ್ಟು ಬರುತ್ತಿದ್ದೆ. ನಾನು ಕಂಬಳಿಯ ಮೇಲೆ ಕೂತು ನೋಡುತ್ತಿದ್ದೆ, ಆದರೂ ನನಗೆ ಏನೂ ಹೊಳೆಯಲಿಲ್ಲ. ಈಗ ಆ ತಂಬಿಗೆ ಕಂಡರೆ ಮೈ ಉರಿಯುತ್ತದೆ.

ಮುಂದಿನದು ನಿಮ್ಮ ಮನೆಯವರಿಗೂ ಗೊತ್ತು. ದಿನ ತುಂಬುವ ಮೊದಲೇ ನಿನಗೆ ನೋವು ಬಂತು. ಟೆಂಪೋದಲ್ಲಿ ಮಿರಜಿಗೆ ಒಯ್ದೆವು. ಗಂಡು ಕೂಸು, ನನ್ನ ಅಂಗೈಯಿಂದ ಮೊಣಕೈವರೆಗಿನಷ್ಟು. ನಿನ್ನ ಮೈಯಲ್ಲಿ ರಕ್ತವೇ ಇಲ್ಲವೆಂದರು. ತಾರು ಕಳಿಸಿದ್ದಕ್ಕೆ ಅಪ್ಪಾಸಾಬ ಮಾರನೆಯ ದಿನ ಓಡಿಬಂದು ತೋಳು ಚಾಚಿ ರಕ್ತ ಕೊಟ್ಟ. ನೀನು ಉಳಿದೆ. ಕೂಸು ಮೂರು ದಿನ ಇತ್ತು. ಅದಕ್ಕೆ ಹೆಸರೂ ಇಡಲಿಲ್ಲ, ನಾನು ಮಾತ್ರ ಮನಸ್ಸಿನಲ್ಲಿ ನಮ್ಮಪ್ಪನ ಹೆಸರು ಹಿಡಿದು ಧೂಳಪ್ಪಾ ಎಂದು ಒಂದು ಸಲ ಕರೆದಿದ್ದೇನೆ. ಇದು ಲಗಮವ್ವನಿಗೂ ಗೊತ್ತಿಲ್ಲ.

ಹೋದ ವಾರ ಸಿದರಾಯ ಹೋದ ಮೇಲೆ ನರ್ಸಬಾಯಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ರಾಮವ್ವ ಒಬ್ಬಳೇ ತಿಂದಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಕೇಳಿದೆ. ನರ್ಸಬಾಯಿ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. “ಹಂಗ ಖರೇ ಹೇಳಾಕ ಬರೂದಿಲ್ಲ ಕಾಕಾ. ಆದ್ರ ಆಕಿ ಮೈಯಾಗ ರಕ್ತ ಇಷ್ಟು ಕಡಿಮಿ ಆಗ್ತಿರಲಿಲ್ಲ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಯಾರ ಗುಳಿಗೆ ಯಾರಿಗೆ, ಯಾವುದನ್ನು ತುಂಡು ಮಾಡಬಾರದು ಎಂದು ನನಗೆ ಕೂಸಿಗೆ ಹೇಳಿದಂತೆ ಹೇಳಿ ಕಳಿಸಿದಳು. ಲಗಮವ್ವನಿಗೆ ಈಗ ಇಡೀ ಗುಳಿಗೆ. ಅಡಕೊತ್ತು ಅಡಿಕೆಗಷ್ಟೇ.

ಟಗರನ್ನು ಅಥಣಿ ಸಂತೆಯಲ್ಲಿ ಮಾರಿದೆ. ಬಂದದ್ದರಲ್ಲಿ ತಾರವ್ವನಿಗೆ ದಮ್ಮಿನ ಔಷಧ ತಂದೆ, ನಿನಗೆ ಮೂರು ತಿಂಗಳಿನ ಟಾನಿಕ್ಕು, ಗುಳಿಗೆ. ನನ್ನ ಮೊಣಕಾಲಿನ ಚೀಟಿ ಇನ್ನೂ ಜೇಬಿನಲ್ಲೇ ಇದೆ, ಅದಕ್ಕೆ ಅವಸರವಿಲ್ಲ. ನಿನ್ನ ಬಾಟಲಿಗಳಿಗೆ ಕೆಮ್ಮಣ್ಣಿನ ಗುರುತು ಹಾಕಿ ಮೇಲಿನ ಗೂಡಿನಲ್ಲಿ ಇಟ್ಟಿದ್ದೇನೆ. ಮೊನ್ನೆ ತಾರವ್ವ ರುಚಿ ನೋಡಲು ಒಂದು ಚಮಚ ಕೇಳಿದಳು, ನಾನು ಹುಟ್ಟಿದಾಗಿನಿಂದ ಅಕ್ಕನಿಗೆ ಇಲ್ಲವೆಂದದ್ದು ಅದೊಂದೇ ಸಲ. ಸಿಟ್ಟಾಗಿದ್ದಾಳೆ, ಆಗಲಿ.

ಇಷ್ಟೆಲ್ಲ ಮಾಡಿದರೂ ಹೋದದ್ದು ಬರುವುದಿಲ್ಲ, ಅದು ನನಗೆ ಗೊತ್ತು. ಮನೆಗೆ ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಬರುವುದು ಬಿಡುವುದು ನಿನ್ನ ಮನಸ್ಸು. ಬಾರದಿದ್ದರೂ ಔಷಧ ಮಾತ್ರ ಅಲ್ಲಿಗೇ ಬರುತ್ತದೆ, ನೀನು ಒಬ್ಬಳೇ ಕುಡಿಯಬೇಕು. ದ್ರೌಪದಿ ಕೇಳಿದರೂ ಕೊಡಬೇಡ, ಅವಳದು ಬೇರೆ ತಂದಿದ್ದೇನೆ.

ನಿನ್ನ ಅತ್ತೆ ನಿನ್ನ ಗಲ್ಲ ಸವರಿದ್ದಾಳೆಂದು ಬರೆಯಲು ಹೇಳಿದಳು. ತಾರವ್ವ ದ್ರೌಪದಿಗೆ ಮುತ್ತು ಕೊಟ್ಟಿದ್ದಾಳೆ. ನಿಮ್ಮ ಅವ್ವನಿಗೆ ನನ್ನ ಶರಣು ತಿಳಿಸು. ನಿನ್ನ ಮೈಯಲ್ಲಿ ರಕ್ತ ತುಂಬಲಿ, ಕಾಲಿಗೆ ಕಸುವು ಬರಲಿ, ನೂರು ವರ್ಷ ಬಾಳು.

ನಿನ್ನ ಮಾವ,
ಮಾಳಸಿದ್ದ

ತಾ.ಕ.: ಟಪಾಲು ಒಯ್ಯುವವನು ಬರುವ ಹೊತ್ತಾಯಿತು, ಬರೆಯಬೇಕಾದ್ದು ಇನ್ನೂ ಉಳಿದಿದೆ. ಮಿರಜಿನಲ್ಲಿ ಡಾಕ್ಟರಬಾಯಿ ಮರಾಠಿಯಲ್ಲಿ “ಗೋಳ್ಯಾ ಕಾ ನಾಹೀ ಘೇತಲ್ಯಾ”, ಗುಳಿಗೆ ಯಾಕೆ ನುಂಗಲಿಲ್ಲ ಎಂದು ನಿನ್ನನ್ನು ಗದರಿದಾಗ, “ಕಹಿ ಆಗ್ತಿದ್ದುವ್ರಿ ಬಾಯಾರ, ನಾನಽ ಚೆಲ್ಲೇನ್ರಿ” ಎಂದು ನೀನು ಹೇಳಿದೆ. ಮನೆಯ ಮಾನ ಉಳಿಸಲು ಸುಳ್ಳು ಹೇಳಿದೆ. ನಾನು ಚಹಾ ಕುಡಿಯಲು ಹೋಗಿದ್ದೇನೆಂದು ನೀನು ತಿಳಿದಿದ್ದೆ. ಇಲ್ಲ, ಬಾಗಿಲಿನ ಪರದೆಯ ಹಿಂದೆಯೇ ನಿಂತಿದ್ದೆ. ಎಲ್ಲ ಕೇಳಿಸಿತು. ಲಗಮವ್ವ ಪರದೆಯ ಸಂದಿಯಿಂದ ನನ್ನ ಮುಖ ನೋಡಿದಳು, ನಾನು ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದೆ. ಅಪ್ಪಾಸಾಬಾ, ರಕ್ತ ಕೊಟ್ಟು ಹೊರಗೆ ಬಂದ ನೀನು ನನ್ನ ಕಾಲು ಮುಟ್ಟಿ “ತಪ್ಪು ನಮ್ಮ ತಂಗೀದು, ಮಾವಾರ, ಹೊಟ್ಟ್ಯಾಗ ಹಾಕ್ಕೊಳ್ರಿ” ಎಂದೆ. ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು “ಇರ್ಲಿ ಬಿಡು” ಎಂದೆ. ಗುಳಿಗೆ ಹಂಚಿದ್ದು ತಿಳಿಯದೆ. ಇದು ತಿಳಿದೂ ತಿಳಿದೂ. ಸೋಮವಾರ ಔಷಧ ತೆಗೆದುಕೊಂಡು ಅಥಣಿ ಬಸ್ಸಿಗೆ ಬರುತ್ತೇನೆ. ನಿಮ್ಮ ಕೂಸನ್ನು ರಾಮವ್ವನ ಕೈಯಲ್ಲಿ ಕೊಟ್ಟ ಮೇಲೆಯೇ ನಾನು ನಿಮ್ಮ ಹೊಸಿಲು ದಾಟುವವನು, ಅಲ್ಲಿಯವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ರಾಮವ್ವಾ, ಆ ದಿನ ಸೆರಗು ಎಳೆದುಕೊಂಡು ಗೋಡೆಗೆ ತಿರುಗಬೇಡ. ನನ್ನ ಎದುರಿಗೆ ಬಂದು ಮಾತಾಡು. ಮೊದಲ ಮಾತು ಬೈಗುಳವಾದರೂ ನಿಂತು ಕೇಳುತ್ತೇನೆ.