ಬಲಗೈಯಲ್ಲಿ ಮಾತ್ರೆ ಹಿಡಿದ ತಪ್ಪಿಗೆ

ಚಿಕಿತ್ಸಾಲಯಗಳ ಪರವಾನಗಿ ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ಸಿರುಗುಪ್ಪದ ನನ್ನ ಸೋದರತ್ತೆ ಜಡೆಮ್ಮ ರಕ್ತದೊತ್ತಡದ ಮಾತ್ರೆ ಬಿಟ್ಟು ಇಂದಿಗೆ ಎಪ್ಪತ್ತೊಂದು ದಿನ. ಬಿಡಿಸಿದವರು ಕುರುಗೋಡಿನ ಒಬ್ಬ ‘ಸ್ನಾಯು ಪರೀಕ್ಷಕರು’. ನನ್ನ ದೂರಿಗೆ ನೀವು ಕಳಿಸಿದ ಉತ್ತರ ಚಿಕ್ಕದು: ಅಲ್ಲಿ ಸೂಜಿ ಚುಚ್ಚುವುದಿಲ್ಲ, ಔಷಧಿ ಬರೆಯುವುದಿಲ್ಲ, ಕೈ ಒತ್ತಿ ನೋಡುತ್ತಾರಷ್ಟೆ, ಆದ್ದರಿಂದ ಅದು ಚಿಕಿತ್ಸಾಲಯವಲ್ಲ. ಅವರು ಮಾರುವ ಪುಡಿ ಆಹಾರವಂತೆ, ಅದು ಬೇರೆ ಇಲಾಖೆಗೆ ಸೇರಿದ್ದಂತೆ. ಒಪ್ಪಿದೆ. ಔಷಧಿ ಕೊಡಲು ಪರವಾನಗಿ ಬೇಕು, ಬಿಡಿಸಲು ಬೇಡವೇ?

ಅತ್ತೆಯನ್ನು ಅಲ್ಲಿಗೆ ಕರೆದೊಯ್ದವಳು ನಾನೇ. ಮಂಡಿನೋವಿಗೆಂದು ಹೋಗಿದ್ದೆವು. ಬಳ್ಳಾರಿಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳೆಂದು ನಮ್ಮವರ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಮುಂದೆಯೇ ಬರುತ್ತವೆ. ಗೋಡೆಯ ಮೇಲಿನ ಪ್ರಮಾಣಪತ್ರ ತೋರಿಸಿ ಅತ್ತೆ, “ಏನೈತವಾ ಅದರಾಗ?” ಎಂದಳು. ತರಬೇತಿ ಆಗಿದೆಯಂತೆ ಎಂದೆ. ಮೂರು ದಿನದ ತರಬೇತಿ ಎಂದು ಅದರಲ್ಲೇ ಇತ್ತು. ಆದರೆ ಪರೀಕ್ಷಕರು ಎದುರಿಗೇ ಕೂತಿದ್ದರು, ಮಜ್ಜಿಗೆ ಬೇರೆ ತರಿಸಿಕೊಟ್ಟಿದ್ದರು. ಮೂರು ದಿನವನ್ನು ನುಂಗಿಕೊಂಡೆ.

ದಿನಾ ನುಂಗುವ ಮಾತ್ರೆಯನ್ನು ಕೈಯಲ್ಲಿ ಹಿಡಿಯಿರಿ ಎಂದರು. ಮದ್ದನ್ನು ಎಡಗೈಯಲ್ಲಿ ಯಾರು ಹಿಡಿಯುತ್ತಾರೆ? ಅತ್ತೆ ಬಲಗೈಯಲ್ಲಿ ಹಿಡಿದು ಎಡಗೈ ಚಾಚಿದಳು. ಅವರು ಒತ್ತಿದರು, ಕೈ ಬಿತ್ತು. ದೇಹ ಈ ಮಾತ್ರೆ ಬೇಡ ಎನ್ನುತ್ತಿದೆ ಎಂದರು. ಬಲಗೈಯಲ್ಲಿ ಮಾತ್ರೆ ಇದ್ದುದರಿಂದ ತಮ್ಮ ಪುಡಿಯ ಪೊಟ್ಟಣವನ್ನು ಎಡಗೈಗೆ ಕೊಟ್ಟರು. ಮಾತ್ರೆಯನ್ನು ಮೇಜಿನ ಮೇಲಿಟ್ಟು ಅತ್ತೆ ಬಲಗೈ ಚಾಚಿದಳು. ಅವರು ಒತ್ತಿದರೂ ಅದು ಅಲುಗಲಿಲ್ಲ. ನಾನೂ ಬೆರಗಾದೆ, ಸುಳ್ಳೇಕೆ ಹೇಳಲಿ?

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಲಗೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಎಡಗೈಯಲ್ಲಿದ್ದ ಚೀಲ ನನಗೆ ಕೊಟ್ಟಳು. ಆಗ ಹೊಳೆಯಿತು. ರೈಸ್ ಮಿಲ್ಲಿನಲ್ಲಿ ಮೂಟೆಗಳ ಮೇಲಿಂದ ಬಿದ್ದ ವರ್ಷದಿಂದ ಅವಳ ಎಡಭುಜದಲ್ಲಿ ಬಲವಿಲ್ಲ. ಬಲಗೈ ಮಾತ್ರ ಮೂವತ್ತು ವರ್ಷ ಅಕ್ಕಿ ಜರಡಿ ಹಿಡಿದ ಕೈ. ಆ ಕೋಣೆಯಲ್ಲಿ ಮಾತನಾಡಿದ್ದು ಮಾತ್ರೆಯೂ ಅಲ್ಲ, ಪುಡಿಯೂ ಅಲ್ಲ.

ಮನೆಯಲ್ಲಿ ಮಾತ್ರೆಯನ್ನು ಎಡಗೈಗೆ ಕೊಟ್ಟು ಬಲಗೈ ಒತ್ತಿ ತೋರಿಸಿದೆ. ಬೀಳಲಿಲ್ಲ. ಅತ್ತೆ ನಕ್ಕಳು.

“ನೀ ಒತ್ತಿದ್ರ ಬೀಳ್ತೈತೇನು? ಅದಕ್ಕ ಕೈಗುಣ ಬೇಕವಾ. ಓದಿದಾಕಿ, ನೀನ ಕರಕೊಂಡು ಹೋದಿ, ನೀನ ಓದಿ ಹೇಳಿದಿ. ಈಗ ಸುಳ್ಳಂದ್ರ ಹೆಂಗ?”

ಮೂರು ದಿನದ ವಿಷಯ ಈಗ ಹೇಳಿದರೆ, ಅಂದೇಕೆ ಹೇಳಲಿಲ್ಲ ಎನ್ನುತ್ತಾಳೆ. ಮೊನ್ನೆ ನರ್ಸಮ್ಮ ಒತ್ತಡ ಅಳೆದರು: ನೂರ ತೊಂಬತ್ತು. ಅತ್ತೆ ಅವರಿಗೂ ಎಡಗೈ ಚಾಚಿ, ಬೇಕಾದರೆ ಒತ್ತಿ ನೋಡಿ ಎಂದಳು.

ಆ ಅಂಗಡಿ ಮುಚ್ಚಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ಮುಚ್ಚಿದರೆ ಇನ್ನೊಂದು ಊರಿನಲ್ಲಿ ತೆರೆದೀತು. ಒಂದು ದಿನ ಕುರುಗೋಡಿಗೆ ಹೋಗಿ. ಆ ಮಾತ್ರೆಯನ್ನೂ ಆ ಪುಡಿಯನ್ನೂ ಒಂದೇ ಥರದ ಡಬ್ಬಿಗಳಲ್ಲಿ ಮುಚ್ಚಿ, ಯಾವುದರಲ್ಲಿ ಏನಿದೆ ಎಂದು ಯಾರಿಗೂ ತಿಳಿಯದಂತೆ, ಒಂದೇ ಕೈಯನ್ನು ಇಪ್ಪತ್ತು ಸಲ ಒತ್ತಿಸಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಅದೇ ಗೋಡೆಗೆ ಹಚ್ಚಿ. ಅತ್ತೆಗೆ ಕನ್ನಡ ಓದಲು ಬರುತ್ತದೆ. ಅದನ್ನಾದರೂ ಅವಳು ನನ್ನನ್ನು ಕೇಳಬೇಕಾಗಿಲ್ಲ.

ಇಂತಿ,
ಗೋಡೆಯ ಮೇಲಿನದನ್ನು ಅರ್ಧವೇ ಓದಿ ಹೇಳಿದ
ನೀಲಾವತಿ
ಬಳ್ಳಾರಿ