ಸರ್ ಫೋನಿಗೆ ಬರುವ ಮೇಲ್

ಲಕ್ಕೂರು, ಭಾನುವಾರ

ಭಾರತಮ್ಮನವರಿಗೆ ಧನಶ್ರೀ ಮಾಡುವ ನಮಸ್ಕಾರ.

ಅಮ್ಮಾ, ಅಮರನಾಥ್ ಸರ್ ತಿಥಿ ಆದಮೇಲೆ ನೀವು ರಿಪೇರಿಗೆ ಕೊಟ್ಟ ಅವರ ಕಂಪ್ಯೂಟರನ್ನು ಈ ಕಾಗದದ ಜೊತೆ ಇವತ್ತೇ ವಾಪಸ್ ಕಳಿಸ್ತಿದ್ದೀನಿ. ಡಿಸ್ಕ್ ಕೆಟ್ಟಿಲ್ಲ, ಫೋಟೊಗಳೆಲ್ಲ ಇವೆ. ಕರ್ನಲ್ ಅಂದ್ರೆ ಕಂಪ್ಯೂಟರನ್ನು ನಡೆಸೋ ಮೂಲ ಪ್ರೋಗ್ರಾಮ್, ಸರ್, ನಾನು, ಇನ್ನೂ ಎಷ್ಟೋ ಜನ ಸೇರಿ ತಿದ್ದಿ ಬೆಳೆಸೋದು; ಅದರ ಹೊಸದನ್ನು ಹಾಕಿದಾಗಿನಿಂದ ಮೆಷಿನ್ ಮಲಗಿ ಎದ್ದರೂ ಡಿಸ್ಕ್ ಮಾತ್ರ ಏಳ್ತಿರಲಿಲ್ಲ, ಅಷ್ಟೇ.

ತಪ್ಪು ಹುಡುಕೋಕೆ ಸರ್ ಕ್ಲಾಸಲ್ಲಿ ಹೇಳಿಕೊಟ್ಟ ದಾರೀನೇ ಹಿಡಿದೆ. ರೇಷ್ಮೆ ಹುಳ ಸತ್ತರೆ ಸೊಪ್ಪನ್ನು ಎರಡು ಪಾಲು ಮಾಡಿ ಬೇರೆ ಬೇರೆ ತಟ್ಟೆಗೆ ಹಾಕು, ಯಾವ ತಟ್ಟೆಯಲ್ಲಿ ಸಾಯುತ್ತೋ ಆ ಪಾಲನ್ನು ಮತ್ತೆ ಎರಡು ಮಾಡು ಅನ್ನೋರು. ಕರ್ನಲ್‌ಗೆ ಬಂದ ಹೊಸ ತಿದ್ದುಪಡಿಗಳನ್ನೂ ಹಾಗೇ ಪಾಲು ಮಾಡ್ತಾ ಹೋದೆ. ಕೊನೆಗೆ ಒಂದೇ ಉಳಿಯಿತು. ಅದು ಸರ್ ಆಸ್ಪತ್ರೆಯಿಂದ ಬರೆದು ಕಳಿಸಿದ್ದು. ಬೇರೆ ಯಾರದ್ದಾದರೂ ಆಗಿದ್ದರೆ ಜಗಳಾನೇ ಆಡ್ತಿದ್ದೆ.

ಅದನ್ನು ತೆಗೆಯಲೇಬೇಕಮ್ಮಾ. ಬೇರೆಯವರ ಡಿಸ್ಕ್‌ಗಳೂ ಹೀಗೇ ನಿಲ್ತಿವೆ. ತೆಗೆಯುವಾಗ ಬರೆದವರ ಹೆಸರು ಹೇಳಿ, ಅವರಿಗೂ ಒಂದು ಮೇಲ್ ಹಾಕೋದು ಕರ್ನಲ್ ತಿದ್ದೋ ನಮ್ಮಲ್ಲಿ ಪದ್ಧತಿ. ತೀರಿಹೋದವರಿಗೆ ಯಾಕೆ ಅಂತ ಬಿಡಬಹುದಿತ್ತು. ನನ್ನ ಕೈಲಿ ಆಗಲಿಲ್ಲ.

ನಾಳೆ ಆ ಮೇಲ್ ಬಂದು ಸರ್ ಫೋನ್ ಸದ್ದು ಮಾಡುತ್ತೆ, ಗಾಬರಿಯಾಗಬೇಡಿ. ಫೋನ್ ಆಫ್ ಮಾಡಿಡಿ ಅಂತ ಹೇಳೋಕೇ ಈ ಕಾಗದಕ್ಕೆ ಕೂತೆ. ಬೇಡಮ್ಮಾ, ಚಾರ್ಜಿಗೆ ಹಾಕಿಡಿ.

ನಿಮ್ಮ ಹುಡುಗಿ,
ಧನಶ್ರೀ